ಕೊಟ್ರಣ್ಣನ ಲಾರಿಗಳ ಮೇಲಿದ್ದ ಊರು

ಚಿತ್ತವಾಡ್ಗಿ

ನಮ್ಮಣ್ಣ ನಲವತ್ತು ವರ್ಷ ಒಂದೇ ಊರನ್ನು ಬರೆದ. ಆ ಊರು ಎಲ್ಲಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ.

ಹೊಸಪೇಟೆಯ ಲಾರಿ ಶೆಡ್ಡುಗಳಲ್ಲಿ ಅವನಿಗೆ ಪೇಂಟರ್ ಕೊಟ್ರಣ್ಣ ಎಂದು ಹೆಸರು. ಸಂಡೂರಿನ ಅದಿರು ಹೊರುವ ಲಾರಿಗಳ ಹಿಂದಿನ ಹಲಗೆಯ ಮೇಲೆ ಅವನು ಬರೆಯುತ್ತಿದ್ದ ಚಿತ್ರ ಒಂದೇ. ಮೂಗು ದುಂಡಗಿರುವ ನೀಲಿ ಬಣ್ಣದ ಹಳೆಯ ಕಾರೊಂದು ಸಣ್ಣ ರಸ್ತೆಯಲ್ಲಿ ನಮ್ಮ ಕಡೆಗೇ ಬರುತ್ತಿದೆ. ರಸ್ತೆಯ ಅಂಚಿಗೆ ಬಿಳಿ ಕಲ್ಲುಗಳ ಸಾಲು, ಎಡಕ್ಕೆ ತೆಳ್ಳನೆಯ ನದಿ, ನದಿಯೊಳಗೆ ಬಂಡೆಗಳು, ಹಿಂದೆ ಮೂರು ಕಮಾನಿನ ಸೇತುವೆ. ಅದರ ಹಿಂದೆ ಒಂದು ಗುಡ್ಡ, ಗುಡ್ಡದ ತುಂಬಾ ಮೆಟ್ಟಿಲು. ಹಂಪಿಯ ಪುಷ್ಕರಣಿಯ ಮೆಟ್ಟಿಲುಗಳನ್ನೆಲ್ಲ ಕಿತ್ತು ಗುಡ್ಡಕ್ಕೆ ಹೊದಿಸಿದ ಹಾಗೆ. ನೆತ್ತಿಯ ಮೇಲೊಂದು ಬಿಳಿ ಮನೆ, ಪಕ್ಕದಲ್ಲಿ ಯಾರೋ ಹೆಬ್ಬೆರಳಿನಿಂದ ಒತ್ತಿದಂತೆ ಒಂದು ತಗ್ಗು. ವಡ್ಡು ಎಂಬ ಊರಿನ ಕಡೆಯಿಂದ ಬರುವ ಲಾರಿಗಳ ಮೇಲೆ ಕೆಂಪು ಧೂಳು ಕೂತು ಇದೆಲ್ಲ ಮುಚ್ಚಿಹೋಗಿರುತ್ತಿತ್ತು. ತೊಳೆದ ದಿನ ಮಾತ್ರ ಊರು ಮತ್ತೆ ಹೊರಗೆ ಬರುತ್ತಿತ್ತು.

ಈ ಚಿತ್ರ ಅವನಿಗೆ ಸಿಕ್ಕಿದ್ದು ಅವನಿಗೆ ಕೆಲಸ ಕಲಿಸಿದ ಉಸ್ತಾದರಿಂದ. ಅವರು ಸಂಡೂರಿನ ಯಾವುದೋ ಬಂಗಲೆಗೆ ಬಣ್ಣ ಹಚ್ಚಲು ಹೋದಾಗ ಅಲ್ಲಿ ಒಂದು ಹಳೆಯ ವಿದೇಶಿ ಪತ್ರಿಕೆಯಲ್ಲಿ ಕಾರಿನ ಜಾಹೀರಾತು ಕಂಡರಂತೆ. ಮೇಲೆ ತೆಳು ಕಾಗದ ಇಟ್ಟು ಗೆರೆ ಎಳೆದುಕೊಂಡು, ಪತ್ರಿಕೆಯನ್ನು ಅವತ್ತೇ ವಾಪಸು ಕೊಟ್ಟರು. ಆಮೇಲೆ ಗೆರೆಯ ಉದ್ದಕ್ಕೂ ಸೂಜಿಯಿಂದ ಚುಚ್ಚಿ ತೂತು ಮಾಡಿದರು. ಲಾರಿ ಪೇಂಟರುಗಳ ಕೆಲಸವೇ ಹಾಗೆ. ತೂತಿನ ಹಾಳೆಯನ್ನು ಹಲಗೆಗೆ ಹಚ್ಚಿ, ಬಟ್ಟೆಯಲ್ಲಿ ಕಟ್ಟಿದ ಇದ್ದಿಲ ಪುಡಿಯಿಂದ ತಟ್ಟಿದರೆ ಚುಕ್ಕಿಗಳು ಮೂಡುತ್ತವೆ. ಚುಕ್ಕಿ ಸೇರಿಸಿದರೆ ಚಿತ್ರ. ಬಣ್ಣ ಯಾವುದೆಂದು ಉಸ್ತಾದರು ಬಾಯಲ್ಲಿ ಹೇಳಿದ್ದರು. ಅಂದರೆ ನಮ್ಮಣ್ಣ ಮೂಲ ಚಿತ್ರವನ್ನು ಕಣ್ಣಿನಿಂದ ಕಂಡವನೇ ಅಲ್ಲ.

ಈಗ ಆ ಕಣ್ಣೇ ಹೋಗುತ್ತಿತ್ತು. ಒಳಗಿನ ನರ ಒಣಗುತ್ತಿದೆ ಎಂದರು ಬಳ್ಳಾರಿಯ ಡಾಕ್ಟರು. ಕೊಳವೆಯಲ್ಲಿ ಇಣುಕಿದ ಹಾಗೆ ನೇರಕ್ಕೆ ಇರುವುದಷ್ಟೇ ಕಾಣುತ್ತದೆ, ಅಕ್ಕಪಕ್ಕ ಇಲ್ಲ. ಕೊಳವೆ ದಿನದಿನಕ್ಕೆ ಸಣ್ಣದಾಗುತ್ತಿದೆ. ಎಷ್ಟು ದಿನ ಎಂದು ಕೇಳಿದರೆ ಡಾಕ್ಟರು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಒಂದು ವರ್ಷ ಅನ್ನಿ, ಕಡಿಮೆಯೂ ಅನ್ನಿ ಎಂದರು.

ಚಿತ್ತವಾಡ್ಗಿಯ ಮನೆಗೆ ಬಂದು ಕಟ್ಟೆಯ ಮೇಲೆ ಕೂತು ಅಣ್ಣ ಒಂದೇ ಮಾತು ಹೇಳಿದ. "ಗೌರೀ, ಅಷ್ಟು ಲಾರಿ ಮ್ಯಾಲೆ ಬರದೀನಿ. ಆ ಊರು ಒಂದ್ಸಲ ಖರೇ ನೋಡ್ಬೇಕಲ್ಲ, ಕಣ್ಣ ಆರೂದ್ರೊಳಗ."

ನಾನು ಕಂಪ್ಲಿಯಲ್ಲಿ, ಮೆಟ್ರಿಯಲ್ಲಿ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು. ಭೂಪಟದಲ್ಲಿ ಊರು ತೋರಿಸಿ ಎಂದು ಸಾವಿರ ಸಲ ಮಕ್ಕಳ ಕಿವಿ ಹಿಂಡಿದ್ದೇನೆ. ಈಗ ನನ್ನ ಪರೀಕ್ಷೆ ಬಂದಿತ್ತು.

ಮನೆಯಲ್ಲಿ ಪ್ಲೈವುಡ್ ಮೇಲೆ ಬರೆದ ಒಂದು ಚಿತ್ರ ಉಳಿದಿತ್ತು. ಅದರ ಫೋಟೊ ತೆಗೆದು, ಹಳೇ ಚಿತ್ರಗಳ ಜಾಗ ಹುಡುಕುವುದೇ ಹವ್ಯಾಸವಾದ ಜನರ ಒಂದು ಗುಂಪಿಗೆ ಫೋನಿನಲ್ಲಿ ಹಾಕಿದೆ. ಸ್ಟೇರಿಂಗ್ ಬಲಕ್ಕಿದೆ, ಆದ್ದರಿಂದ ಸಿಲೋನು ಎಂದರು ಕೆಲವರು. ಸೈಪ್ರಸ್, ಮಾಲ್ಟಾ ಎಂದರು ಇನ್ನು ಕೆಲವರು. ಒಬ್ಬನಂತೂ, ಈ ಕಾರಿಗೆ ಬಲಗಡೆ ಸ್ಟೇರಿಂಗ್ ಯಾವತ್ತೂ ಇರಲೇ ಇಲ್ಲ, ಬರೆದವನು ತಪ್ಪು ಮಾಡಿದ್ದಾನೆ ಎಂದ. ಓದಿ ಹೇಳಿದೆ. ಅಣ್ಣನಿಗೆ ಸಿಟ್ಟು ನೆತ್ತಿಗೇರಿತು.

"ಯಾವನವ? ಹುಟ್ಟಿದಾಗಿಂದ ಸ್ಟೇರಿಂಗ್ ಬರದೀನಿ. ನನಗ ಹೇಳಾಕ ಬಂದಾನ!"

ಕೊನೆಗೆ ಒಬ್ಬ ಹೆಂಗಸು ಬರೆದಳು. ಇವು ದ್ರಾಕ್ಷಿ ಬೆಳೆಯುವ ಮೆಟ್ಟಿಲು, ಪೋರ್ಚುಗಲ್ಲಿನ ಡೌರೊ ನದಿಯ ದಂಡೆ ಹೀಗೇ ಇದೆ, ಯಾವ ತಿರುವು ಎಂದು ಮಾತ್ರ ಹೇಳಲಾರೆ. ಅವಳು ಕಳಿಸಿದ ಫೋಟೊವನ್ನು ಅಣ್ಣ ಕಣ್ಣಿಗೆ ಅಂಟಿಸಿಕೊಂಡು ನೋಡಿದ. ಮೆಟ್ಟಿಲಿನ ಮೇಲೆ ಮೆಟ್ಟಿಲು.

ಅತ್ತಿಗೆ ಒಳಗಿನಿಂದಲೇ ತೀರ್ಪು ಕೊಟ್ಟಳು. "ಹೋಗಿ ಬರ್ರಿ ಇಬ್ರೂ. ನನ್ನ ಮೊಣಕಾಲಿಗೆ ನಾ ಕಾವಲಿರ್ತೀನಿ."

ಚಿತ್ರವನ್ನು ಒಯ್ಯುವುದು ಹೇಗೆ? ಫ್ಲೆಕ್ಸ್ ಅಂಗಡಿಯಲ್ಲಿ ಟವೆಲಿನ ಅಳತೆಗೆ ಅಚ್ಚು ಹಾಕಿಸಿದೆ. ಅಣ್ಣ ಅದನ್ನು ಮುಟ್ಟಿ ಮುಖ ಹುಳ್ಳಗೆ ಮಾಡಿದ. ಅವನ ಕೆಲಸ ತಿಂದದ್ದೇ ಆ ಫ್ಲೆಕ್ಸು. ವಿಮಾನ ನಿಲ್ದಾಣದಲ್ಲಿ ತಪಾಸಣೆಯವನು ಅದನ್ನು ಬಿಚ್ಚಿಸಿ, ಆ ಕಡೆ ಈ ಕಡೆ ನೋಡಿ, "ಯಾವ ಪಾರ್ಟಿದಮ್ಮ ಇದು? ಅಭ್ಯರ್ಥಿ ಫೋಟೊನೇ ಇಲ್ವಲ್ಲ" ಎಂದ.

ಪೋರ್ಟೊ

ಪೋರ್ಚುಗಲ್ಲಿನ ಪೋರ್ಟೊ, ಡೌರೊ ನದಿಗೆ ಇಳಿಯುತ್ತಿರುವ ಊರು. ಮನೆಗಳೆಲ್ಲ ಒಂದರ ಹೆಗಲ ಮೇಲೆ ಇನ್ನೊಂದು ಕೈ ಇಟ್ಟುಕೊಂಡು ಕೆಳಗೆ ನೀರು ನೋಡುತ್ತಿವೆ. ಗೋಡೆಗೆ ಬಿಳಿ, ನೀಲಿ ಹಂಚು. ಕಿಟಕಿಗೆ ಒಗೆದ ಬಟ್ಟೆ. ಎಷ್ಟು ಸಂಕೋಚವಿಲ್ಲದ ಜನ ಎಂದರೆ ಬೀದಿಯ ಮೇಲೆಯೇ ಮನೆಯವರ ಒಳಚಡ್ಡಿಗಳೆಲ್ಲ ಬಾವುಟ ಹಾರಿಸುತ್ತಿದ್ದವು. ನಮ್ಮ ಚಿತ್ತವಾಡ್ಗಿಯಲ್ಲಿ ಅವನ್ನು ಸೀರೆಯ ಮರೆಯಲ್ಲಿ ಒಣಹಾಕುತ್ತೇವೆ. ಅದೊಂದು ಬಿಟ್ಟರೆ ಕಿಟಕಿಗೆ ಮೊಣಕೈ ಊರಿ ಕೆಳಗೆ ಹೋಗುವವರನ್ನೆಲ್ಲ ಪರೀಕ್ಷಿಸುವ ಮುದುಕಿಯರು ನಮ್ಮವರೇ ಅನ್ನಿಸಿದರು.

ಅಲ್ಲಿ ವಾಹನಗಳು ಬಲಗಡೆಗೆ ಓಡುತ್ತವೆ. ನನಗೆ ಗೊತ್ತಿತ್ತು, ನನ್ನ ಕುತ್ತಿಗೆಗೆ ಗೊತ್ತಿರಲಿಲ್ಲ. ರಸ್ತೆ ದಾಟುವಾಗ ಬಲಕ್ಕೆ ನೋಡಿ ಕಾಲಿಟ್ಟೆ, ಎಡದಿಂದ ಬಂದ ಟ್ರಾಮು ಗಂಟೆ ಬಾರಿಸಿ ಉಸಿರೇ ನಿಲ್ಲಿಸಿತು. ಕಣ್ಣು ಮಂಜಾದ ಅಣ್ಣನೇ ನನ್ನ ಸೆರಗು ಹಿಡಿದು ಹಿಂದಕ್ಕೆ ಜಗ್ಗಿದ. "ಕುರುಡ ನಾನೋ ನೀನೋ?" ಎಂದ. ಅವತ್ತಿಡೀ ಅದೇ ಮಾತು ಹೇಳಿ ಹೇಳಿ ನಕ್ಕ.

ಆದರೆ ಸಂಜೆ ಅವನೂ ಸಿಕ್ಕಿಬಿದ್ದ. ಒಂದು ಚರ್ಚಿನ ಬಾಗಿಲಲ್ಲಿ ನಿಂತಿದ್ದವರಿಗೆ ಕೈ ಮುಗಿದು, "ನಮಸ್ಕಾರ್ರಿ, ನಾವು ಹೊಸಪೇಟಿ ಕಡೇರು" ಎಂದು ಪರಿಚಯ ಹೇಳಿಕೊಂಡ. ಅವರು ಮಾತಾಡಲಿಲ್ಲ. ಕಲ್ಲಿನ ಸಂತ. ನಾನು ನಗಬಾರದೆಂದು ತುಟಿ ಕಚ್ಚಿದೆ. ಆಗಲಿಲ್ಲ. ಅವನೂ ನಕ್ಕ. ಅವನ ಕೊಳವೆಗೆ ಆ ಸಂತನ ಮುಖ ಮಾತ್ರ ಕಂಡಿತ್ತು, ಪೀಠ ಕಂಡಿರಲಿಲ್ಲ.

ಅವನು ಊರನ್ನು ನೋಡುತ್ತಿದ್ದದ್ದೇ ಹಾಗೆ. ಒಂದು ಹಂಚು, ಒಂದು ಗುಂಡಿ, ಒಂದು ಪಾರಿವಾಳದ ಕಾಲು. ನಾನು ಇಡೀ ನದಿ ನೋಡಿ ಮುಂದೆ ಹೋಗಿರುತ್ತಿದ್ದೆ, ಅವನು ಹಿಂದೆ ನಿಂತು ಒಂದು ದೋಣಿಯ ಹಗ್ಗದ ಗಂಟು ನೋಡುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಎರಡನೆಯ ದಿನಕ್ಕೆ ನಾನೂ ಸಾವಕಾಶ ನಡೆಯಲು ಕಲಿತೆ.

ನದಿಯ ರೈಲು

ಡೌರೊ ನದಿಯ ಪಕ್ಕವೇ ಒಂದು ರೈಲು ಓಡುತ್ತದೆ. ಎಷ್ಟು ಪಕ್ಕವೆಂದರೆ ಕಿಟಕಿಯಿಂದ ಕೈ ಹಾಕಿದರೆ ನೀರು ಸಿಗುತ್ತದೇನೋ ಎನ್ನಿಸುತ್ತದೆ. ಪೋರ್ಟೊ ಬಿಟ್ಟು ತಾಸಾದ ಮೇಲೆ ನದಿ ಬಂತು. ಡಬ್ಬಿಯೊಳಗಿನ ಜನ ಮಾತು ನಿಲ್ಲಿಸಿದರು. ಅಲ್ಲಿಯವರೇ, ದಿನವೂ ನೋಡುವವರೇ ಇರಬೇಕು, ಆದರೂ ನದಿ ಬಂದಾಗ ಮಾತು ನಿಲ್ಲಿಸಿದರು. ನನಗೆ ಆ ಜನ ಅಲ್ಲಿಯೇ ಇಷ್ಟವಾದರು.

ದ್ರಾಕ್ಷಿ ಕೊಯ್ಲು ಮುಗಿದ ಕಾಲ. ಎಲೆಗಳು ಅರಿಶಿನ, ಕುಂಕುಮ, ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ಮೊದಲು ಒಂದು ಗುಡ್ಡಕ್ಕೆ ನಾಲ್ಕು ಮೆಟ್ಟಿಲು. ಮುಂದಿನದಕ್ಕೆ ಇಪ್ಪತ್ತು. ಆಮೇಲೆ ಗುಡ್ಡವೇ ಇಲ್ಲ, ಬರೀ ಮೆಟ್ಟಿಲು. ಕಲ್ಲು ಜೋಡಿಸಿ ಕಟ್ಟಿದ, ಆಕಾಶದ ತನಕ ಹೋಗುವ ಮೆಟ್ಟಿಲು.

"ಗೌರೀ, ಮೆಟ್ಲ ಬಂದ್ವು," ಎಂದ ಅಣ್ಣ. ಗಾಜಿಗೆ ಹಣೆ ಹಚ್ಚಿ ಕೂತಿದ್ದ. "ಇವನ್ನ ಬರಿಯೋವಾಗ ಬೆರಳು ಸೋಲ್ತಿತ್ತು. ಸುಳ್ಳ ಇರಬೇಕು ಅಂದ್ಕೊಂಡಿದ್ದೆ. ಯಾರರ ಗುಡ್ಡಕ್ಕ ಮೆಟ್ಲ ಕಟ್ತಾರ ಅಂತ. ಖರೇ ಐತಲ್ಲ."

ಅವನು ಅಳುತ್ತಿದ್ದ. ಎದುರಿಗೆ ಕೂತಿದ್ದ ಹೆಂಗಸು ತನ್ನ ಚೀಲದಿಂದ ಒಂದು ಕಿತ್ತಳೆ ತೆಗೆದು, ಏನೂ ಕೇಳದೆ, ಸುಲಿದು ಅವನ ಕೈಯಲ್ಲಿಟ್ಟಳು. ರೈಲು ತೂಗುತ್ತ ಹೋಯಿತು. ನೀರೊಳಗೂ ಒಂದು ಗುಡ್ಡ ತಲೆಕೆಳಗಾಗಿ ನಮ್ಮ ಜೊತೆ ಬರುತ್ತಿತ್ತು. ನನಗೆ ನಿದ್ದೆಯೋ ಎಚ್ಚರವೋ ತಿಳಿಯದ ಹಾಗಾಗಿತ್ತು.

ಪಿನ್ಯಾಂವ್, ಮೊದಲ ಮೂರು ದಿನ

ಪಿನ್ಯಾಂವ್ ಎಂಬ ಆ ಊರು ನಮ್ಮ ಕಂಪ್ಲಿಯ ಒಂದು ಓಣಿಯಷ್ಟು. ನಾವು ಇಳಿದುಕೊಂಡ ಮನೆಯ ಯಜಮಾನಿ ಲೂರ್ಡೆಸ್, ನನ್ನ ವಯಸ್ಸಿನವಳು. ದೂರದ ಸಮುದ್ರದ ಕಡೆಯಿಂದ ಮದುವೆಯಾಗಿ ಬಂದವಳಂತೆ. ಅವಳಿಗೆ ಕನ್ನಡ ಬಾರದು, ನನಗೆ ಪೋರ್ಚುಗೀಸು ಬಾರದು. ಫೋನಿಗೆ ಹೇಳಿದರೆ ಅದು ಅವಳ ಭಾಷೆಯಲ್ಲಿ ಹೇಳುತ್ತಿತ್ತು. ಎರಡನೆಯ ದಿನಕ್ಕೆ ನಾವಿಬ್ಬರೂ ಫೋನು ಬದಿಗಿಟ್ಟು ನಮ್ಮ ನಮ್ಮ ಭಾಷೆಯಲ್ಲೇ ಹರಟತೊಡಗಿದೆವು. ಅಡುಗೆಮನೆಯಲ್ಲಿ ಇಬ್ಬರು ಹೆಂಗಸರಿಗೆ ಅಷ್ಟು ಸಾಕು.

ಮೊದಲ ದಿನ ಅವಳು ಹಸಿರು ಸೊಪ್ಪಿನ ಸಾರು ಬಡಿಸಿದಳು. ಘಮ ಮಸ್ತಾಗಿತ್ತು. ಅಣ್ಣ ಚಮಚೆ ಎತ್ತಿದ. ಅದರಲ್ಲಿ ದುಂಡನೆಯ ಕೆಂಪು ಬಿಲ್ಲೆಯೊಂದು ತೇಲುತ್ತಿತ್ತು. ಟೊಮೆಟೊ ಅಂದುಕೊಂಡ ಅವನು. "ಬ್ಯಾಡೋ, ಇಡು ಕೆಳಗ!" ಎಂದು ನಾನು ಕೂಗಿದ ರಭಸಕ್ಕೆ ಲೂರ್ಡೆಸಳ ಕೈಯಿಂದ ರೊಟ್ಟಿಯ ತುಂಡು ಜಾರಿ ಬಿತ್ತು. ಮಾಂಸದ ಬಿಲ್ಲೆಯನ್ನು ತೆಗೆದು ಬೇರೆ ಸಾರು ಮಾಡಿಕೊಡುವ ಮೊದಲು ಅವಳು ಮಾಡಿದ ಕೆಲಸ ಬೇರೆ. ಕೆಳಗೆ ಬಿದ್ದ ರೊಟ್ಟಿಯನ್ನು ಎತ್ತಿ, ಅದಕ್ಕೊಂದು ಮುತ್ತು ಕೊಟ್ಟು, ಮೇಜಿನ ಮೇಲಿಟ್ಟಳು. ನಾವು ಕಣ್ಣಿಗೆ ಒತ್ತಿಕೊಳ್ಳುತ್ತೇವೆ, ಅವರು ಮುತ್ತು ಕೊಡುತ್ತಾರೆ. ಅನ್ನ ಅನ್ನವೇ. ನಾನು ಅವಳಿಗೆ ಶೇಂಗಾ ಚಟ್ನಿಪುಡಿ ಕೊಟ್ಟೆ. ಅದನ್ನು ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನಷ್ಟು ಹಾಕು ಎಂದು ತಟ್ಟೆ ಚಾಚಿದಳು.

ಹುಡುಕಾಟ ಮಾತ್ರ ಒಂದಡಿ ಮುಂದೆ ಹೋಗಲಿಲ್ಲ. ಚಿತ್ರದಲ್ಲಿ ನದಿ ಎಡಕ್ಕಿದೆ, ಗುಡ್ಡದ ತಗ್ಗು ಮನೆಯ ಬಲಕ್ಕಿದೆ. ಅದನ್ನೇ ಜಪ ಮಾಡುತ್ತ ಅಣ್ಣ, ನನ್ನ ತೋಳು ಹಿಡಿದು, ನದಿಯನ್ನು ಎಡಗೈಗೆ ಇಟ್ಟುಕೊಂಡು ನಡೆದ. ಈ ದಂಡೆಯಲ್ಲಿ ಕೆಳಕ್ಕೆ, ಆ ದಂಡೆಯಲ್ಲಿ ಮೇಲಕ್ಕೆ. ಪ್ರತಿ ತಿರುವಿನಲ್ಲೂ ನಿಂತು ಅವನ ಮುಖವನ್ನು ನಾನು ಗುಡ್ಡದ ಕಡೆಗೆ ತಿರುಗಿಸುತ್ತಿದ್ದೆ, ಅವನು ಕೊಳವೆಯನ್ನು ನೆತ್ತಿಯಿಂದ ಬುಡದವರೆಗೆ ಇಳಿಸುತ್ತಿದ್ದ. "ಅಲ್ಲ." ಮತ್ತೊಂದು ತಿರುವು. "ಅಲ್ಲ."

ಕಂಡವರಿಗೆಲ್ಲ ಫ್ಲೆಕ್ಸು ಬಿಚ್ಚಿ ತೋರಿಸಿದೆ. ಸ್ಟೇಷನ್ನಿನವರು, ದ್ರಾಕ್ಷಿ ತೋಟದವರು, ದೋಣಿಯವರು. ಯಾರೂ ಗೊತ್ತಿಲ್ಲ ಎಂದು ಥಟ್ಟನೆ ಹೇಳುವುದಿಲ್ಲ. ಬಹಳ ಹೊತ್ತು ನೋಡುತ್ತಾರೆ, ತುಟಿ ಮುಂದೆ ಮಾಡುತ್ತಾರೆ, ಪಕ್ಕದವರನ್ನು ಕರೆಯುತ್ತಾರೆ, ಹತ್ತು ಜನ ಸೇರಿ ವಾದ ಮಾಡುತ್ತಾರೆ, ಆಮೇಲೆ ಎಲ್ಲರೂ ಸೇರಿ ಭುಜ ಹಾರಿಸುತ್ತಾರೆ. ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕೇಳಿದ ಹಾಗೆಯೇ. ಒಬ್ಬ ದೋಣಿಯವನು, ನಮ್ಮ ನದಿಯಲ್ಲಿ ಬಂಡೆಗಳೇ ಇಲ್ಲವಲ್ಲ ಎಂದ. ಖರೆಯೇ. ಚಿತ್ರದ ನದಿ ತೆಳ್ಳಗೆ, ಇದು ದಂಡೆಯಿಂದ ದಂಡೆಗೆ ತುಂಬಿ ಸುಮ್ಮನೆ ನಿಂತಿತ್ತು. ಮಳೆಗಾಲದ ನೀರು ಇರಬೇಕು ಎಂದು ನನ್ನ ಮನಸ್ಸಿಗೆ ನಾನೇ ಸುಳ್ಳು ಹೇಳಿಕೊಂಡೆ.

ಮೂರನೆಯ ದಿನ ಅಣ್ಣ ಮೆಟ್ಟಿಲೊಂದು ಕಾಣದೆ ಮುಗ್ಗರಿಸಿ ಮೊಣಕಾಲು ತರಚಿಕೊಂಡ. ರಕ್ತ ಒರೆಸುತ್ತಿದ್ದಾಗ, "ನಿನ್ನೆಗಿಂತ ಇವತ್ತು ಕಡಿಮಿ ಕಾಣಾಕತ್ತೈತಿ," ಎಂದ. ದಣಿವಿಗೆ ಹಾಗನ್ನಿಸುತ್ತದೆ ಎಂದೆ. ನಮಗೆ ಉಳಿದಿದ್ದದ್ದು ಇನ್ನೆರಡು ದಿನ. ಈ ಮುದುಕನನ್ನು ಸಮುದ್ರ ದಾಟಿಸಿ ತಂದು ಬರೀ 'ಅಲ್ಲ' ಅನ್ನಿಸಿ ವಾಪಸು ಒಯ್ಯುತ್ತಿದ್ದೇನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ನಾಲ್ಕನೆಯ ದಿನ, ಕ್ಷೌರದಂಗಡಿ

ಅಣ್ಣನಿಗೆ ಗಡ್ಡ ಬೆಳೆದರೆ ಸಿಡಿಮಿಡಿ. ಕಣ್ಣು ಹೀಗಾದ ಮೇಲೆ ತಾನೇ ಹೆರೆದುಕೊಳ್ಳಲು ಬರುವುದಿಲ್ಲ. ಲೂರ್ಡೆಸ್ ಊರಿನ ಒಬ್ಬನೇ ಕ್ಷೌರಿಕನ ಅಂಗಡಿ ತೋರಿಸಿದಳು. ಒಂದು ಕುರ್ಚಿ, ಒಂದು ದೊಡ್ಡ ಕನ್ನಡಿ, ಗೋಡೆಗೆ ಏಸುವಿನ ಪಟ. ಕ್ಷೌರಿಕ ಅಡೆಲಿನೊ, ಎಪ್ಪತ್ತರ ಆಸುಪಾಸು, ಬಿಳಿ ಕೋಟು, ಕೈ ಮಾತ್ರ ಒಂದಿಷ್ಟೂ ನಡುಗುವುದಿಲ್ಲ.

ಅವನು ಅಣ್ಣನ ಗಲ್ಲಕ್ಕೆ ನೊರೆ ಹಚ್ಚಿ ಒಂದು ಕಡೆ ಹೆರೆದು ಮುಗಿಸಿದ್ದ. ಹಿಂದಿನ ಬೆಂಚಿನ ಮೇಲೆ ಕೂತಿದ್ದ ನನಗೆ ಸುಮ್ಮನಿರಲು ಬಂದೀತೆ? ಅಭ್ಯಾಸದಂತೆ ಫ್ಲೆಕ್ಸು ಬಿಚ್ಚಿ ಎದೆಗೆ ಹಿಡಿದು, ಮುಷ್ಕರಕ್ಕೆ ಬಂದವಳಂತೆ ನಿಂತೆ. ಅಡೆಲಿನೊ ಕನ್ನಡಿಯಲ್ಲಿ ಕಣ್ಣೆತ್ತಿದ. ಅವನ ಕತ್ತಿ ಗಾಳಿಯಲ್ಲಿ ನಿಂತಿತು.

ಏನೋ ಒಂದು ಹೆಸರು ಹೇಳಿದ. ತಿರುಗಿ ನನ್ನ ಕಡೆ ಬಂದು ಚಿತ್ರವನ್ನು ನೇರ ನೋಡಿದ. ಅವನ ಮುಖ ಬಾಡಿತು. ಇಲ್ಲ ಎಂದು ತಲೆ ಅಲ್ಲಾಡಿಸಿದ. ಕುರ್ಚಿಯ ಹತ್ತಿರ ಹೋದ, ಕನ್ನಡಿ ನೋಡಿದ, ಹೌದು ಎಂದು ತಲೆ ಆಡಿಸಿದ. ಮತ್ತೆ ಬಂದ. ಇಲ್ಲ. ಮತ್ತೆ ಹೋದ. ಹೌದು. ಈ ಮನುಷ್ಯನಿಗೆ ತಲೆ ಕೆಟ್ಟಿದೆಯೋ ನನಗೋ ಎಂದುಕೊಳ್ಳುವಷ್ಟರಲ್ಲಿ ಅವನು ನನ್ನನ್ನು ಭುಜ ಹಿಡಿದು ಕನ್ನಡಿಯ ಮುಂದೆ ತಂದು ನಿಲ್ಲಿಸಿ, ಬೆರಳಿನಿಂದ ಗಾಜನ್ನೇ ತಟ್ಟಿದ.

ಅಯ್ಯೋ ಶಿವನೇ! ಕನ್ನಡಿಯೊಳಗೆ ನದಿ ಬಲಕ್ಕಿತ್ತು. ಗುಡ್ಡದ ತಗ್ಗು ಮನೆಯ ಎಡಕ್ಕಿತ್ತು. ಸ್ಟೇರಿಂಗ್ ಕಾರಿನ ಎಡಗಡೆಗೆ ಬಂದಿತ್ತು.

ನಾನು ಕೂಗಿ ಹೇಳಿದೆ. ಅಣ್ಣ ಅರ್ಧ ಗಲ್ಲದ ನೊರೆಯೊಂದಿಗೆ ಎದ್ದು ಬಂದು ಕನ್ನಡಿಗೆ ಮೂಗು ಹಚ್ಚಿ, ತುಂಡು ತುಂಡಾಗಿ ನೋಡಿದ. ನೊರೆ ಒಣಗಿತು.

"ಹಾಳಿ ತಿರುವಿ ಹಾಕಿದ್ನಲ್ಲ ನಾನು," ಎಂದ ಕೊನೆಗೆ.

ಆಮೇಲೆ ಕುರ್ಚಿಯಲ್ಲಿ ಕೂತು, ಹದಿನಾರರ ವಯಸ್ಸಿನ ಅವತ್ತಿನ ಕೆಲಸವನ್ನು ಹೇಳಿದ. ಉಸ್ತಾದರು ಹಾಳೆ ಚುಚ್ಚಿಟ್ಟು, ಬಣ್ಣ ಹೇಳಿ, ಬೇರೆ ಕೆಲಸಕ್ಕೆ ಕಂಪ್ಲಿಗೆ ಹೋಗಿದ್ದರು. ಸೂಜಿ ಚುಚ್ಚಿದಾಗ ಹಾಳೆಯ ಒಂದು ಮೈ ನುಣುಪು ಇರುತ್ತದೆ, ಇನ್ನೊಂದು ಮೈ ತೂತಿನ ಅಂಚು ಎದ್ದು ತರಿ ತರಿ. ತರಿಯ ಮೈ ಮೇಲಿದ್ದರೆ ಇದ್ದಿಲು ಚೆನ್ನಾಗಿ ಹಿಡಿಯುತ್ತದೆ ಎಂದುಕೊಂಡು ಅವನು ಹಾಳೆಯನ್ನು ಮಗುಚಿ ಹಚ್ಚಿದ. ಉಸ್ತಾದರು ಬರುವುದರೊಳಗೆ ಲಾರಿ ಹೋಗಿತ್ತು. ಆ ಲಾರಿಗೆ ಅದೃಷ್ಟ ಖುಲಾಯಿಸಿತು, ಒಂದು ಟೈರೂ ಪಂಕ್ಚರ್ ಆಗಲಿಲ್ಲ. ಎಲ್ಲ ಮಾಲೀಕರೂ ಅದೇ ಚಿತ್ರ, ಅದೇ ಥರ, ಒಂದು ಗೆರೆ ಬದಲಾಗಬಾರದು ಎಂದು ಪಟ್ಟು ಹಿಡಿದರು. ಒಲಿದದ್ದನ್ನು ಲಾರಿಯವರು ಬದಲಿಸಿದ್ದುಂಟೇ?

"ಆ ಲಾರಿ ತಿರುಗಿ ಶೆಡ್ಡಿಗೆ ಬಂದಾಗ ಉಸ್ತಾದ್ರು ಚಿತ್ರ ನೋಡಿ ನಕ್ರು. 'ಇರ್ಲಿ ಬಿಡಲೇ, ಸ್ಟೇರಿಂಗ್ ನಮ್ಮ ಕಡೆ ಬಂತು' ಅಂದ್ರು. ನಾ ಹೊಗಳಿದ್ರು ಅಂದ್ಕೊಂಡೆ, ಗೌರೀ. ಇಷ್ಟು ವರ್ಷ ಹೊಗಳಿದ್ರು ಅಂತನೇ ತಿಳ್ಕೊಂಡಿದ್ದೆ."

ನಾನು ನಕ್ಕೆ. ಅವನು ನಗಲಿಲ್ಲ.

"ಇಡೀ ಜೀವಮಾನ ಉಲ್ಟಾ ಬರದೆ. ಊರ ತುಂಬ ಅದನ್ನ ಓಡ್ಸಿದೆ. ಇನ್ನ ನೋಡೂದೇನೈತಿ? ಬ್ಯಾಡ. ನಡಿ ಊರಿಗೆ."

ಅಡೆಲಿನೊ ಉಳಿದ ಅರ್ಧ ಗಲ್ಲ ಹೆರೆದ. ಫೋನಿನಲ್ಲಿ ನಾನು ಎಲ್ಲ ವಿವರಿಸಿದೆ. ಆ ಜಾಗ ಅವನ ಊರಂತೆ. ಇದೆಯಾ ಈಗಲೂ ಎಂದು ಕೇಳಿದೆ. ಫೋನು ಕನ್ನಡದಲ್ಲಿ, "ಇದೆ. ಅರ್ಧ ಇದೆ. ನಾಳೆ ನಾನು ಕರೆದೊಯ್ಯುತ್ತೇನೆ," ಎಂದಿತು.

ಮನೆಗೆ ಬಂದು ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟ ಬೇಡವೆಂದ. ನನಗೆ ತಡೆಯಲಾಗಲಿಲ್ಲ. "ಏನ್ ಸಣ್ಣ ಹುಡುಗ್ರ ಹಂಗ ಮಾಡಾಕತ್ತೀಯೋ? ಉಲ್ಟಾ ಆದ್ರೇನು, ಸೀದಾ ಆದ್ರೇನು? ನಿನ್ನ ಲಾರಿ ಹಿಂದ ನಿಂತು ಆ ಊರು ನೋಡಿದ ಮಂದಿ ಎಷ್ಟಿಲ್ಲ! ಯಾವನರ ತಪ್ಪೈತಿ ಅಂದ್ನಾ? ನೀ ನೋಡ್ದೆ ವಾಪಸ್ ಬಂದ್ರ ಅತ್ತಿಗೆ ಮುಂದ ನಾ ಏನಂತ ಹೇಳ್ಲಿ?"

ಅವನು ಗೋಡೆಗೇ ಹೇಳಿದ. "ಅದಲ್ಲ ತಂಗೀ. ಅಲ್ಲಿ ನಿಂತು ನನಗ ಗುರ್ತ ಸಿಗದಿದ್ರ? ಇಷ್ಟು ವರ್ಷದಾಗ ನನಗ ಬಾಯಿಪಾಠ ಇರೂದು ಅದೊಂದ. ಅದೂ ನಂದಲ್ಲ ಅಂದ್ರ, ಕಣ್ಣ ಹ್ವಾದ ಮ್ಯಾಲೆ ಒಳಗ ಏನ್ ಇಟ್ಕೊಂಡು ಕುಂದರ್ಲಿ?"

ಅವನ ಮೊಣಕಾಲಿನ ಗಾಯಕ್ಕೆ ಎಣ್ಣೆ ಹಚ್ಚಿದೆ.

ಐದನೆಯ ದಿನ

ಬೆಳಿಗ್ಗೆ ಎದ್ದರೆ ಹೊರಗೆ ಏನೂ ಇರಲಿಲ್ಲ. ನದಿ ಇಲ್ಲ, ಗುಡ್ಡ ಇಲ್ಲ, ಎದುರುಮನೆ ಇಲ್ಲ. ಅಷ್ಟೂ ಮಂಜು. ಅಡೆಲಿನೊ ತನ್ನ ಹಳೆಯ ವ್ಯಾನಿನ ಹಾರ್ನು ಒತ್ತಿದ. ಅಣ್ಣ ಬರುವುದಿಲ್ಲವೆಂದು ಹಟ ಹಿಡಿದಾನೆಂದು ನಾನು ಹೆದರಿದ್ದೆ. ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಗಡಿಬಿಡಿಯಲ್ಲಿ ಫ್ಲೆಕ್ಸನ್ನು ನಾನು ಲೂರ್ಡೆಸಳ ಮೇಜಿನ ಮೇಲೆಯೇ ಮರೆತುಬಂದೆ.

ಊರು ದಾಟಿದ ಮೇಲೆ ಫೋನಿನ ಸಿಗ್ನಲ್ ಹೋಯಿತು. ಇನ್ನು ಮಾತೆಲ್ಲ ಕೈಯಲ್ಲೇ. ವ್ಯಾನು ಮಂಜಿನೊಳಗೆ ಸುತ್ತಿ ಸುತ್ತಿ ಇಳಿಯಿತು. ಒಂದು ಕಡೆ ನಿಲ್ಲಿಸಿ, ನಮ್ಮನ್ನು ಇಳಿಸಿ, ಒಂದು ಗಿಡ್ಡ ಗೋಡೆಯ ಮೇಲೆ ಕೂರಿಸಿ, ಅಡೆಲಿನೊ ತಾನೂ ಕೂತ. ಕಾಯಬೇಕು ಎಂದು ಗಡಿಯಾರ ತೋರಿಸಿದ. ಕಾದೆವು. ಕೆಳಗೆ ನೀರಿರುವುದು ವಾಸನೆಗೆ ಗೊತ್ತಾಗುತ್ತಿತ್ತು. ಎಲ್ಲೋ ಒಂದು ನಾಯಿ ಬೊಗಳಿತು. ನಾವು ಎಲ್ಲಿ ಇದ್ದೇವೆ, ಯಾವ ದೇಶ, ಯಾವ ಕಾಲ ಎಂಬುದೆಲ್ಲ ಆ ಬಿಳುಪಿನಲ್ಲಿ ಕರಗಿಹೋಗಿತ್ತು. ಮೂವರು ಮುದಿ ಜೀವಗಳು ಮೋಡದ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದೆವು.

ಹನ್ನೊಂದರ ಹೊತ್ತಿಗೆ ಮಂಜು ಹರಿಯತೊಡಗಿತು. ಒಮ್ಮೆಗೇ ಅಲ್ಲ. ಅಲ್ಲೊಂದು ತೂತು, ಇಲ್ಲೊಂದು ತೂತು. ಒಂದು ತೂತಿನಲ್ಲಿ ಕುಂಕುಮದ ಬಣ್ಣದ ನಾಲ್ಕು ಮೆಟ್ಟಿಲು ಕಂಡವು, ಮುಚ್ಚಿದವು. ಇನ್ನೊಂದರಲ್ಲಿ ಒಂದು ಬಿಳಿ ಗೋಡೆ, ಮೇಲೆ ಚಾವಣಿ ಇಲ್ಲ. ಅಣ್ಣ ಲೋಕ ನೋಡುವ ಹಾಗೆಯೇ ಅವತ್ತು ನಮಗೂ ಕಂಡಿತು. ಅದು ಎಷ್ಟು ಕಷ್ಟ, ಎಷ್ಟು ಚೆಂದ ಎಂದು ಆಗ ತಿಳಿಯಿತು.

"ಅಣ್ಣಾ, ಮ್ಯಾಲೆ ನೋಡು. ಮನಿ ಪಕ್ಕ, ಎಡಕ್ಕ."

ಅವನು ಮುಖ ಎತ್ತಿದ. ಗುಡ್ಡದ ನೆತ್ತಿಯಲ್ಲಿ, ಹೆಬ್ಬೆರಳಿನಿಂದ ಒತ್ತಿದ ಹಾಗೆ, ತಗ್ಗು. ಅವನ ಬಾಯಿ ಅರ್ಧ ತೆರೆಯಿತು. ಆದರೆ ಕಣ್ಣು ಕೆಳಗಿಳಿಯುತ್ತ ಬಂದಂತೆ ಅವನ ಹುಬ್ಬು ಗಂಟಿಕ್ಕಿತು. ಮೆಟ್ಟಿಲುಗಳು ಬರಬರುತ್ತ ನೀರಿಗೆ ಹೋಗಿಬಿಟ್ಟವು. ರಸ್ತೆ ಇಲ್ಲ. ಬಂಡೆಗಳಿಲ್ಲ. ಸೇತುವೆಯ ಮೂರು ಕಮಾನುಗಳ ನೆತ್ತಿ ಮಾತ್ರ ಮೂರು ಹುಬ್ಬಿನಂತೆ ನೀರಿನ ಮೇಲಿತ್ತು. ಉಳಿದದ್ದು ಅಗಲವಾಗಿ ಹಬ್ಬಿದ, ಅಲುಗದ ನೀರು.

ನಾನು ದಿಗಿಲುಬಿದ್ದು ಅಡೆಲಿನೊನನ್ನು ನೋಡಿದೆ. ಅವನು ಕೈಯನ್ನು ಅಡ್ಡಗೋಡೆಯ ಹಾಗೆ ನಿಲ್ಲಿಸಿ, ಇನ್ನೊಂದು ಕೈಯನ್ನು ನಿಧಾನ ಮೇಲಕ್ಕೆತ್ತಿದ.

ತುಂಗಭದ್ರೆಯ ಊರಿನವನಿಗೆ ಅಷ್ಟು ಸಾಕಾಯಿತು. "ಡ್ಯಾಂ ಕಟ್ಟ್ಯಾರ," ಎಂದ ಅಣ್ಣ, ಮೆಲ್ಲಗೆ. ನಮ್ಮ ಕಡೆಯೂ ನೀರಿನ ಕೆಳಗೆ ಎಷ್ಟು ಊರುಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೊರಬರುವ ಗುಡಿಯ ಕಂಬ ನೋಡಿ ಅಳುವವರನ್ನು ನಾವು ನೋಡಿದ್ದೇವೆ.

ಅಡೆಲಿನೊ ತನ್ನ ಎದೆಯ ಎತ್ತರಕ್ಕೆ ಕೈ ಹಿಡಿದು, ತಾನಾಗ ಇಷ್ಟಿದ್ದೆ ಎಂದ. ನೀರಿನ ಒಂದು ಕಡೆ ತೋರಿಸಿ, ಎರಡು ಕೈಯಿಂದ ಮನೆಯ ಮಾಳಿಗೆಯ ಆಕಾರ ಮಾಡಿದ. ಬಟ್ಟೆ ಒಗೆಯುವಂತೆ ಕೈ ಆಡಿಸಿ, "ಮಾಯಿ" ಎಂದ. ತಾಯಿ. ತಾಯಿ ಒಗೆಯುತ್ತಿದ್ದ ಬಂಡೆ ಎಲ್ಲಿತ್ತೆಂದು ತೋರಿಸಲು ಬೆರಳು ಚಾಚಿದ. ಬೆರಳು ಅಲ್ಲಿ ಇಲ್ಲಿ ಅಲೆದು ನಿಂತಿತು. ಅವನಿಗೆ ನೆನಪಾಗಲಿಲ್ಲ. ನೀರು ಎಲ್ಲ ಕಡೆಯೂ ಒಂದೇ ಥರ ಇತ್ತು. ಅವನು ನನ್ನ ಚೀಲದ ಕಡೆ ನೋಡಿ, ಚಿತ್ರ ಎಲ್ಲಿ ಎಂದು ಸನ್ನೆ ಮಾಡಿದ. ಹಾಳಾದ ನನ್ನ ಮರೆವು! ಚಿತ್ರ ಮನೆಯಲ್ಲಿತ್ತು.

ತಾಯಿ ಒಗೆಯುತ್ತಿದ್ದ ಬಂಡೆ ಹುಡುಕುತ್ತಿದ್ದಾನೆ, ಚಿತ್ರ ಮರೆತು ಬಂದೀನಿ ಎಂದು ಅಣ್ಣನಿಗೆ ಹೇಳಿದೆ. ಅವನು ಗೋಡೆಯಿಂದಿಳಿದು ನೀರಿನ ಅಂಚಿಗೆ ಹೋಗಿ ನಿಂತ. ಕಣ್ಣು ಮುಚ್ಚಿದ. ಎಡಗೈ ಚಾಚಿದ.

"ಮೂರು ಬಂಡೆಗಲ್ಲು," ಎಂದ. "ನಡುವಿಂದು ಚಪ್ಪಟಿ, ರುಬ್ಬೂ ಕಲ್ಲಿನ ಹಂಗ."

ಅಡೆಲಿನೊ ಅವನ ಪಕ್ಕಕ್ಕೆ ಬಂದ. ಅಣ್ಣನ ಎಡಗೈಯನ್ನು ಮೆತ್ತಗೆ ಇಳಿಸಿ, ಬಲಗೈಯನ್ನು ಎತ್ತಿ ಹಿಡಿದ. ಅಣ್ಣ ಒಂದು ಗಳಿಗೆ ತಡೆದ. ಒಳಗೇ ಏನನ್ನೋ ಮಗುಚಿ ಹಾಕುತ್ತಿದ್ದ ಹಾಗಿತ್ತು. ಆಮೇಲೆ ಬಲಗೈ ತಾನಾಗಿಯೇ ಹೊರಟಿತು.

ಬೆರಳು ನೀರಿನ ಮೇಲೆ ಒಂದು ಕಡೆ ನಿಂತಿತು. ಕಮಾನಿನಿಂದ ಇಷ್ಟು ದೂರ, ದಂಡೆಯಿಂದ ಇಷ್ಟು. ಮೂರು ಸಲ ಗಾಳಿಯಲ್ಲಿ ದುಂಡು ಸುತ್ತಿ, ನಡುವಿನದಕ್ಕೆ ಅಂಗೈ ಮಟ್ಟ ಮಾಡಿದ. "ಸಿಂ," ಎಂದ ಅಡೆಲಿನೊ. ಹೌದು. "ಸಿಂ, ಸಿಂ." ಅವನ ಕಣ್ಣು ಆ ಜಾಗದಿಂದ ಕದಲಲಿಲ್ಲ. ಅಣ್ಣನ ಕೈ ರಸ್ತೆ ಎಳೆಯಿತು. ರಸ್ತೆಯಂಚಿಗೆ ಬಿಳಿ ಕಲ್ಲುಗಳನ್ನು ಒಂದೊಂದಾಗಿ ಇಟ್ಟಿತು. ಅವನು ಬಾಯಿಬಿಟ್ಟು ಎಣಿಸುತ್ತಿದ್ದ. ಏಳು, ಎಂಟು. ಒಂಬತ್ತಕ್ಕೆ ಬಂದಾಗ ಅಂಗೈಯನ್ನು ಕತ್ತಿಯಂತೆ ಅಡ್ಡ ಬೀಸಿದ. "ಇದು ಅರ್ಧಕ್ಕ ಮುರದೈತಿ."

ಆ ಮುರಿದ ಕಲ್ಲನ್ನು ನಾನು ಅಣ್ಣನ ಸೋಮಾರಿತನ ಅಂದುಕೊಂಡಿದ್ದೆ. ಅಡೆಲಿನೊ ಮಾತ್ರ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಹಣೆಗೆ ಬೆರಳಿಟ್ಟು ಕೋಡು ಮಾಡಿದ, ಎತ್ತು. ಹಗ್ಗ ಜಗ್ಗಿದ, ಬಂಡಿ. ಎದೆ ಮುಟ್ಟಿಕೊಂಡು "ಪಾಯಿ" ಎಂದ. ಅಪ್ಪ. ಅಪ್ಪನ ಬಂಡಿ ಧಡ್ ಎಂದು ಕಲ್ಲಿಗೆ ಬಡಿದದ್ದನ್ನು ಮೈಯೆಲ್ಲ ಅಲುಗಿಸಿ ತೋರಿಸಿ ನಕ್ಕ. ನಗುತ್ತಲೇ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಅಣ್ಣನ ಅಂಗಿ ಹಿಡಿದು, ಇನ್ನೂ ಹೇಳು, ಮುಂದೆ ಏನಿದೆ ಹೇಳು ಎಂದು ಜಗ್ಗತೊಡಗಿದ.

ಅಣ್ಣ ಹೇಳಿದ. ಕಾರು ಎಲ್ಲಿಯವರೆಗೆ ಬಂದಿತ್ತು, ನೆರಳು ಯಾವ ಕಡೆಗೆ ಬಿದ್ದಿತ್ತು, ಸೇತುವೆಯ ಬುಡದಲ್ಲಿ ಯಾವ ಗಿಡ ಬಾಗಿತ್ತು. ಕನ್ನಡದಲ್ಲೇ ಹೇಳಿದ. ಎಲ್ಲಿಯೂ ತಡವರಿಸಲಿಲ್ಲ. ಅಷ್ಟರಲ್ಲಿ ಮಂಜು ಪೂರ್ತಿ ಹರಿದು ಬಿಸಿಲು ಬಂತು. ಗುಡ್ಡದ ಮೆಟ್ಟಿಲುಗಳೆಲ್ಲ ಒಂದೇ ಸಲ ಹೊತ್ತಿಕೊಂಡವು. ಇಷ್ಟು ದೂರ ಬಂದದ್ದು ಇದಕ್ಕೇ, ಇವನು ನೋಡುತ್ತಲೇ ಇಲ್ಲವಲ್ಲ ಎಂದು ನನಗೆ ಜೀವ ತಡೆಯಲಿಲ್ಲ. ಓಡಿಹೋಗಿ ಅವನ ಭುಜ ಅಲುಗಿಸಿದೆ.

"ಅಣ್ಣಾ, ಕಣ್ಣ ತೆಗಿಯೋ! ನೋಡಾಕ ಬಂದೀವಿ ನಾವು."

"ನೋಡಾಕತ್ತೀನಿ," ಎಂದ ಅವನು, ಕಣ್ಣು ಮುಚ್ಚಿಕೊಂಡೇ. "ಸ್ವಲ್ಪ ಸುಮ್ಮನಿರು."